ಉರಿಯೂತದ ನೋವಿಗೆ ಸಸ್ಯದ ಫ್ಲೇವನಾಯ್ಡ್: ಇಲಿಯ ಪಾದದಲ್ಲಿ ಕಂಡದ್ದು ಮನುಷ್ಯರ ಮಂಡಿವರೆಗೆ ಎಷ್ಟು ಬರುತ್ತದೆ?

ನುಗ್ಗೆಸೊಪ್ಪು_ಪ್ರಬಂಧ

ಎಂ.ಫಾರ್ಮ್ ಪ್ರಬಂಧದ ಯೋಜನೆ ಹೀಗಿದೆ. ನುಗ್ಗೆ ಎಲೆಯ 70% ಎಥನಾಲ್ ಸಾರವನ್ನು ಇಲಿಗಳಿಗೆ ಬಾಯಿಯ ಮೂಲಕ ಕೆ.ಜಿ. ತೂಕಕ್ಕೆ 100, 200, 400 ಮಿ.ಗ್ರಾಂ ಕೊಡುವುದು. ಒಂದು ಗಂಟೆ ಬಿಟ್ಟು ಹಿಂಗಾಲಿನ ಪಾದಕ್ಕೆ ಊತ ಬರಿಸುವ ಕ್ಯಾರಗೀನನ್ ಚುಚ್ಚಿ, ಐದು ಗಂಟೆವರೆಗೆ ಊತ ಅಳೆಯುವುದು. ಹೋಲಿಕೆಗೆ ಉರಿಯೂತ ತಗ್ಗಿಸುವ ಔಷಧ ಇಂಡೊಮೆಥಾಸಿನ್ 10 ಮಿ.ಗ್ರಾಂ. ಸಾರದಲ್ಲಿರುವ ಒಟ್ಟು ಫ್ಲೇವನಾಯ್ಡ್ (ಸಸ್ಯಗಳಲ್ಲಿ ಸಿಗುವ ಒಂದು ಬಗೆಯ ಪಾಲಿಫೀನಾಲ್) ಪ್ರಮಾಣವನ್ನು ಅಲ್ಯುಮಿನಿಯಂ ಕ್ಲೋರೈಡ್ ವಿಧಾನದಲ್ಲಿ ತೆಗೆಯುವುದು. ಊತ ಇಳಿದರೆ "ಫ್ಲೇವನಾಯ್ಡ್‌ಗಳಿಂದಾಗಿ ನೋವು ನಿವಾರಕ ಗುಣವಿದೆ" ಎಂದು ತೀರ್ಮಾನ ಬರೆಯುವುದು. ನೈತಿಕ ಸಮಿತಿಗೆ ಅರ್ಜಿ ಹಾಕುವ ಮೊದಲು ತಿಳಿದವರು ಒಮ್ಮೆ ನೋಡಿ ಹೇಳಬೇಕು. ಇದರಲ್ಲಿ ಎಲ್ಲಿ ಎಡವುತ್ತೇವೆ?

ಇಲಿಮನೆ_ಫಾರ್ಮಕಾಲಜಿ

ಎಡವುವುದು ಕೊನೆಯ ಸಾಲಿನಲ್ಲಿ. ಊತ ಬೇರೆ, ನೋವು ಬೇರೆ. ಪಾದ ಅದ್ದಿ ಊತ ಅಳೆಯುವ ಪ್ಲೆಥಿಸ್ಮೋಮೀಟರ್ ಪಾದದ ಗಾತ್ರವನ್ನಷ್ಟೇ ಹೇಳುತ್ತದೆ. ಊತ ಹಾಗೇ ಇದ್ದು ನೋವು ಇಳಿಯಬಹುದು, ಊತ ಇಳಿದೂ ನೋವು ಉಳಿಯಬಹುದು. "ನೋವು" ಎಂಬ ಪದ ಶೀರ್ಷಿಕೆಯಲ್ಲಿ ಬರಬೇಕಾದರೆ ಅದೇ ಇಲಿಗಳಲ್ಲಿ ವಾನ್ ಫ್ರೇ ತಂತುಗಳಿಂದ ಸ್ಪರ್ಶದ ಹೊಸ್ತಿಲನ್ನೋ ರ್‍ಯಾಂಡಲ್-ಸೆಲಿಟ್ಟೊ ಉಪಕರಣದಿಂದ ಒತ್ತಡದ ಹೊಸ್ತಿಲನ್ನೋ ಅಳೆಯಲೇಬೇಕು. ಎರಡೂ ಇಲ್ಲದ ಕಾಲೇಜಿನಲ್ಲಿ ಫಾರ್ಮಲಿನ್ ಪರೀಕ್ಷೆ ಮಾಡಿ. ಸುಂಡಿಲಿಯ ಪಾದಕ್ಕೆ 2.5% ಫಾರ್ಮಲಿನ್ 20 ಮೈಕ್ರೊಲೀಟರ್ ಚುಚ್ಚಿ, ಅದು ಪಾದ ನೆಕ್ಕುವ ಸಮಯವನ್ನು ಗಡಿಯಾರ ಹಿಡಿದು ಎಣಿಸುವುದು. ಮೊದಲ 5 ನಿಮಿಷದ್ದು ನರತುದಿಗೆ ನೇರವಾಗಿ ತಗುಲಿದ ನೋವು. 15ರಿಂದ 30 ನಿಮಿಷದ್ದರಲ್ಲಿ ಉರಿಯೂತದ ಪಾಲು ದೊಡ್ಡದು. ಫ್ಲೇವನಾಯ್ಡ್‌ಗಳು ಸಾಮಾನ್ಯವಾಗಿ ಕೈಹಿಡಿಯುವುದು ಈ ಎರಡನೇ ಹಂತದಲ್ಲಿ.

ಅಸಿಟಿಕ್ ಆಮ್ಲದ ಹೊಟ್ಟೆ ಹಿಂಡುವ ಪರೀಕ್ಷೆಯನ್ನು ಮಾತ್ರ ನಂಬಿ ಕೂರಬೇಡಿ. ನಿದ್ದೆ ಬರಿಸುವ ಔಷಧ, ಸ್ನಾಯು ಸಡಿಲಿಸುವ ಔಷಧ ಎಲ್ಲವೂ ಅದರಲ್ಲಿ "ನೋವು ನಿವಾರಕ"ವಾಗಿಯೇ ಕಾಣುತ್ತವೆ. ಯಾವ ಪರೀಕ್ಷೆ ಮಾಡಿದರೂ ಪಕ್ಕದಲ್ಲಿ ರೋಟರಾಡ್ (ತಿರುಗುವ ದಂಡದ ಮೇಲೆ ಇಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವ ಉಪಕರಣ) ಇರಲಿ. ತೂಕಡಿಸುವ ಇಲಿ ಪಾದ ಎಳೆದುಕೊಳ್ಳುವುದೂ ತಡವಾಗುತ್ತದೆ.

ಕ್ಯಾರಗೀನನ್ ಬಗ್ಗೆ ನಾಲ್ಕು ಮಾತು. ಲ್ಯಾಂಬ್ಡಾ ಬಗೆಯದ್ದೇ ಬೇಕು, 0.9% ಉಪ್ಪುನೀರಿನಲ್ಲಿ 1%, ಪಾದವೊಂದಕ್ಕೆ 0.1 ಮಿ.ಲೀ. ಪುಡಿಯನ್ನು ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ, ತಿರುಗುವ ನೀರಿಗೆ ಸ್ವಲ್ಪ ಸ್ವಲ್ಪ ಉದುರಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಚುಚ್ಚಿದ ಮೇಲೆ ಸೂಜಿಯನ್ನು ತಕ್ಷಣ ಎಳೆದರೆ ದ್ರಾವಣ ಹೊರಗೆ ಜಿನುಗಿ, ಆ ಇಲಿಯಲ್ಲಿ ಊತವೇ ಕಡಿಮೆ ಬರುತ್ತದೆ. ಹಾಗಾಗಿ ಕೆಲವು ಸೆಕೆಂಡು ಹಿಡಿದಿರಿ. ಹೊರ ಹರಡಿನ ಗಂಟಿನ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ, ಪ್ರತಿ ಸಲವೂ ಅದೇ ಗೆರೆವರೆಗೆ ಅದ್ದಿ. ಗೆರೆ ಮಾಸಿದರೆ ಮೂರನೇ ಗಂಟೆಯ ಅಳತೆಗೂ ನಾಲ್ಕನೇ ಗಂಟೆಯದಕ್ಕೂ ತಾಳೆಯೇ ಇರುವುದಿಲ್ಲ. ಮೊದಲ ಗಂಟೆಯ ಊತ ಹಿಸ್ಟಮಿನ್, ಸೆರಟೋನಿನ್, ಬ್ರಾಡಿಕೈನಿನ್‌ಗಳದ್ದು. ಮೂರರಿಂದ ಐದನೇ ಗಂಟೆಯದರಲ್ಲಿ ಪ್ರೊಸ್ಟಗ್ಲಾಂಡಿನ್ ಪಾತ್ರ ಹೆಚ್ಚು. ಐದೂ ಗಂಟೆಯ ಸರಾಸರಿ ತೆಗೆದು ಒಂದೇ ಅಂಕಿ ಕೊಟ್ಟರೆ ಇರುವ ಮಾಹಿತಿಯನ್ನು ನಾವೇ ಅಳಿಸಿದಂತೆ.

ಸಾರ_ಸೋಸು

ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು "ಫ್ಲೇವನಾಯ್ಡ್‌ಗಳಿಂದಾಗಿ" ಎಂಬ ಪದ. ನುಗ್ಗೆ ಎಲೆಯಲ್ಲಿ ಫ್ಲೇವನಾಯ್ಡ್‌ಗಳಾದ ಕ್ವೆರ್ಸೆಟಿನ್, ಕೆಂಪ್‌ಫೆರಾಲ್‌ಗಳ ಗ್ಲೂಕೊಸೈಡ್‌ಗಳು (ಗ್ಲೂಕೋಸ್ ಅಂಟಿದ ರೂಪಗಳು) ಇವೆ, ನಿಜ. ಆದರೆ ಅದೇ ಎಲೆಯಲ್ಲಿ ಗ್ಲೂಕೊಸಿನೊಲೇಟ್‌ಗಳೂ ಇವೆ. ಎಲೆ ಜಜ್ಜಿದಾಗ ಮೈರೊಸಿನೇಸ್ ಕಿಣ್ವ ಅವನ್ನು ಐಸೊಥಯೊಸಯನೇಟ್ ಆಗಿ ಒಡೆಯುತ್ತದೆ, ಅದಕ್ಕೂ ಉರಿಯೂತ ತಗ್ಗಿಸುವ ಗುಣವಿದೆ. ಕ್ಲೋರೊಜೆನಿಕ್ ಆಮ್ಲ ಬೇರೆ. ಹಾಗಿರುವಾಗ ಊತ ಇಳಿದ ಯಶಸ್ಸನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ದಾರಿ ಇದೆ. ಸಾರದ ಒಂದು ಭಾಗವನ್ನು ಪಾಲಿಅಮೈಡ್ ಕಾಲಂನಲ್ಲಿ ಹಾಯಿಸಿ ಪಾಲಿಫೀನಾಲ್‌ಗಳನ್ನು ಹಿಡಿದಿಟ್ಟುಕೊಳ್ಳಿ. ಹೊರಬಂದ ದ್ರವವನ್ನು ಒಣಗಿಸಿ ಒಂದು ಗುಂಪಿಗೆ, ಪೂರ್ತಿ ಸಾರವನ್ನು ಇನ್ನೊಂದು ಗುಂಪಿಗೆ, ಸಾರದಲ್ಲಿ ಅಳೆದಷ್ಟೇ ಶುದ್ಧ ಐಸೊಕ್ವೆರ್ಸಿಟ್ರಿನ್ (ಕ್ವೆರ್ಸೆಟಿನ್‌ನ ಒಂದು ಗ್ಲೂಕೊಸೈಡ್) ಮಾತ್ರ ಮತ್ತೊಂದು ಗುಂಪಿಗೆ ಕೊಡಿ. ಪಾಲಿಫೀನಾಲ್ ತೆಗೆದಾಗ ಗುಣ ಹೋಗಬೇಕು, ಶುದ್ಧ ವಸ್ತು ಕೊಟ್ಟಾಗ ಒಂದಿಷ್ಟಾದರೂ ಮರಳಬೇಕು. ಇಷ್ಟಾದರೆ ಆ ಪದಕ್ಕೆ ಒಂದು ಆಧಾರ ಸಿಕ್ಕಿತು.

ಅಲ್ಯುಮಿನಿಯಂ ಕ್ಲೋರೈಡ್ ವಿಧಾನ ಬಳಸುವವರು ಗಮನಿಸಿ. ಸಾರ (1 ಮಿ.ಲೀ.ಗೆ 1 ಮಿ.ಗ್ರಾಂ) 0.5 ಮಿ.ಲೀ., ಮೆಥನಾಲ್ 1.5, 10% ಅಲ್ಯುಮಿನಿಯಂ ಕ್ಲೋರೈಡ್ 0.1, 1 ಮೋಲಾರ್ ಪೊಟ್ಯಾಸಿಯಂ ಅಸಿಟೇಟ್ 0.1, ನೀರು 2.8 ಮಿ.ಲೀ.; 30 ನಿಮಿಷ ಬಿಟ್ಟು 415 ನ್ಯಾನೊಮೀಟರ್‌ನಲ್ಲಿ ಓದುವುದು. ಹಸಿರು ಎಲೆಯ ಸಾರಕ್ಕೆ ಪ್ರತಿ ಮಾದರಿಗೂ ಅದರದೇ ಬ್ಲ್ಯಾಂಕ್ ಇಡಬೇಕು, ಅಂದರೆ ಅಲ್ಯುಮಿನಿಯಂ ಕ್ಲೋರೈಡ್ ಬದಲು ಅಷ್ಟೇ ನೀರು ಹಾಕಿದ್ದು. ಇಲ್ಲದಿದ್ದರೆ ಪತ್ರಹರಿತ್ತೂ ಫ್ಲೇವನಾಯ್ಡ್ ಲೆಕ್ಕಕ್ಕೆ ಸೇರುತ್ತದೆ. ಈ ವಿಧಾನ ಫ್ಲೇವನಾಯ್ಡ್‌ಗಳ ಉಪಗುಂಪುಗಳಲ್ಲಿ ಫ್ಲೇವೊನಾಲ್, ಫ್ಲೇವೋನ್‌ಗಳನ್ನು ಹಿಡಿಯುತ್ತದೆ. ಹೆಸ್ಪೆರಿಡಿನ್, ನರಿಂಜಿನ್‌ನಂಥ ಫ್ಲವನೋನ್‌ಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಕಿತ್ತಳೆ ಸಿಪ್ಪೆಯಲ್ಲಿ ಫ್ಲೇವನಾಯ್ಡ್ ಕಡಿಮೆ ಎಂದು ಬರೆದ ವರದಿಗಳಲ್ಲಿ ಕಡಿಮೆಯಿರುವುದು ವಿಧಾನದ ಹಿಡಿತ. ಸೋಡಿಯಂ ನೈಟ್ರೈಟ್ ಸೇರಿಸಿ 510ರಲ್ಲಿ ಓದುವ ವಿಧಾನಕ್ಕೆ ಕ್ಲೋರೊಜೆನಿಕ್ ಆಮ್ಲವೂ ಬಣ್ಣ ಕೊಡುತ್ತದೆ. ಸಾಧ್ಯವಿದ್ದರೆ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿ. ಸಿ18 ಕಾಲಂ, 0.1% ಫಾರ್ಮಿಕ್ ಆಮ್ಲ ಮತ್ತು ಅಸಿಟೋನೈಟ್ರೈಲ್, ಫ್ಲೇವೊನಾಲ್‌ಗಳಿಗೆ 350–370, ಫ್ಲವನೋನ್‌ಗಳಿಗೆ 283 ನ್ಯಾನೊಮೀಟರ್.

ಅರಿಶಿನ_ಶುಂಠಿ

ಅರಿಶಿನದ ಕರ್ಕ್ಯುಮಿನ್ ಮೇಲೆ ಇಷ್ಟೊಂದು ಕೆಲಸ ಆಗಿದೆಯಲ್ಲ, ಅದನ್ನೇ ಪಾಸಿಟಿವ್ ಫ್ಲೇವನಾಯ್ಡ್ ಕಂಟ್ರೋಲ್ ಆಗಿ ಇಡಬಹುದೇ?

ಸಾರ_ಸೋಸು

ಕರ್ಕ್ಯುಮಿನ್ ಫ್ಲೇವನಾಯ್ಡ್ ಅಲ್ಲ, ಡೈಅರೈಲ್‌ಹೆಪ್ಟನಾಯ್ಡ್. ಎರಡು ಉಂಗುರಗಳ ನಡುವೆ ಏಳು ಇಂಗಾಲದ ಸರಪಳಿ. ಫ್ಲೇವನಾಯ್ಡ್‌ನಲ್ಲಿ ಆ ಸೇತುವೆ ಮೂರು ಇಂಗಾಲದ್ದು, ಒಟ್ಟು ಹದಿನೈದರ ಅಸ್ಥಿಪಂಜರ. ಶುಂಠಿಯ ಜಿಂಜರಾಲ್, ದ್ರಾಕ್ಷಿಯ ರೆಸ್ವೆರಟ್ರಾಲ್, ಬೋಸ್ವೆಲಿಕ್ ಆಮ್ಲ ಯಾವುವೂ ಈ ಮನೆಯವಲ್ಲ. ಪ್ರಬಂಧಗಳಲ್ಲಿ ಈ ತಪ್ಪು ಪದೇ ಪದೇ ಕಾಣುತ್ತದೆ, ಪರೀಕ್ಷಕರು ಮೊದಲು ಬೆರಳಿಡುವುದೂ ಅಲ್ಲೇ.

ಕೋಶ_ಕಲ್ಚರ್

ಕೆಲಸ ಮಾಡುವ ಬಗೆಯನ್ನು ಒಮ್ಮೆ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಬೇಕಾಗುತ್ತದೆ. ಗಾಯವಾದ ಕಡೆ ಬಂದು ಸೇರಿದ ರೋಗನಿರೋಧಕ ಕೋಶಗಳಾದ ಮ್ಯಾಕ್ರೊಫೇಜ್‌ಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್ ಎಚ್ಚರಗೊಂಡು ಟಿಎನ್‌ಎಫ್-ಆಲ್ಫಾ, ಐಎಲ್-1ಬೀಟಾ ಎಂಬ ಸೈಟೊಕೈನ್‌ಗಳು (ಉರಿಯೂತದ ಸಂಕೇತ ಪ್ರೋಟೀನ್‌ಗಳು) ಹೊರಬೀಳುತ್ತವೆ. ಅವು ಕಾಕ್ಸ್-2 ಕಿಣ್ವವನ್ನು ಹೆಚ್ಚಿಸಿ ಪ್ರೊಸ್ಟಗ್ಲಾಂಡಿನ್ ಇ2 ಉಕ್ಕಿಸುತ್ತವೆ. ಅದು ನೋವಿನ ನರತುದಿಯಲ್ಲಿರುವ ಟಿಆರ್‌ಪಿವಿ1, ಎನ್‌ಎವಿ1.8 ಚಾನಲ್‌ಗಳನ್ನು ಸೂಕ್ಷ್ಮಗೊಳಿಸುತ್ತದೆ. ಬಟ್ಟೆ ತಾಗಿದರೂ ಉರಿಯುವುದು ಇದರಿಂದ. ನೋವಿನ ಮಾತ್ರೆ ಡೈಕ್ಲೊಫೆನಾಕ್ ಈ ಸರಪಳಿಯನ್ನು ಕಾಕ್ಸ್ ಹತ್ತಿರ ಕತ್ತರಿಸುತ್ತದೆ. ಕ್ವೆರ್ಸೆಟಿನ್‌ನಂಥವು ಅದಕ್ಕೂ ಮೇಲೆ, ಸೈಟೊಕೈನ್ ಹುಟ್ಟುವಲ್ಲೇ ತಡೆಯುತ್ತವೆ, ಜೊತೆಗೆ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಮೂಲಕ ಕೋಶದ ಸ್ವಂತ ಉತ್ಕರ್ಷಣ ನಿರೋಧಕಗಳನ್ನು ಏರಿಸುತ್ತವೆ. ಬ್ರೆಜಿಲ್‌ನ ಲೊಂಡ್ರಿನಾ ವಿಶ್ವವಿದ್ಯಾಲಯದವರು ಈ ದಾರಿಯನ್ನು ಒಂದೊಂದೇ ಅಣುವಿನಲ್ಲಿ ಬಿಡಿಸಿ ನೋಡಿದ್ದಾರೆ. 2009ರಲ್ಲಿ ಕ್ವೆರ್ಸೆಟಿನ್, 2016ರಲ್ಲಿ ನರಿಂಜೆನಿನ್. ನರಿಂಜೆನಿನ್‌ಗೆ ನೈಟ್ರಿಕ್ ಆಕ್ಸೈಡ್, ಸಿಜಿಎಂಪಿ, ಎಟಿಪಿ-ಸಂವೇದಿ ಪೊಟ್ಯಾಸಿಯಂ ಚಾನಲ್ ಎಂಬ ಇನ್ನೊಂದು ದಾರಿಯೂ ಸಿಕ್ಕಿದೆ. ಕೆಲವು ಫ್ಲವನೋನ್‌ಗಳು ಬಿಸಿಯ ನೋವು ಗ್ರಹಿಸುವ ಟಿಆರ್‌ಪಿಎಂ3 ಚಾನಲ್ಲನ್ನೇ ಮುಚ್ಚುತ್ತವೆ ಎಂದು 2013ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಐಸೊಸಕುರನೆಟಿನ್ ನ್ಯಾನೊಮೋಲಾರ್ ಮಟ್ಟದಲ್ಲೇ ಸಾಕಾಗುತ್ತದೆ. ನನ್ನ ಪ್ರಕಾರ ಔಷಧವಾಗಿ ಬೆಳೆಸಲು ಯೋಗ್ಯವಾದ ಸುಳಿವು ಇದೇ. "ಎಲ್ಲದರ ಮೇಲೂ ಸ್ವಲ್ಪ ಸ್ವಲ್ಪ" ಎನ್ನುವ ಕ್ವೆರ್ಸೆಟಿನ್‌ಗಿಂತ ಒಂದೇ ಗುರಿಯನ್ನು ಬಿಗಿಯಾಗಿ ಹಿಡಿಯುವ ಅಣು ಮೇಲು.

ಇನ್ನು ಕೋಶ ಬೆಳೆಸುವ ತಟ್ಟೆಯಲ್ಲಿ ಆಗುವ ಮೋಸಗಳು. ಕ್ಯಾಟಿಕಾಲ್ ಇರುವ ಕ್ವೆರ್ಸೆಟಿನ್, ಹಸಿರು ಚಹಾದ ಇಜಿಸಿಜಿ ಇವೆಲ್ಲ ಕಲ್ಚರ್ ಮಾಧ್ಯಮದಲ್ಲಿ ತಾವೇ ಆಕ್ಸಿಡೈಸ್ ಆಗಿ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕೋಶ ಪ್ರತಿಕ್ರಿಯಿಸಿದ್ದು ಪೆರಾಕ್ಸೈಡ್‌ಗೋ ಫ್ಲೇವನಾಯ್ಡ್‌ಗೋ ತಿಳಿಯಲು ಪೆರಾಕ್ಸೈಡ್ ಒಡೆಯುವ ಕಿಣ್ವ ಕ್ಯಾಟಲೇಸ್ ಹಾಕಿದ ಬಾವಿಗಳು (ತಟ್ಟೆಯ ಕುಳಿಗಳು) ಬೇಕು. ಹೆಚ್ಚು ಸಾಂದ್ರತೆಯಲ್ಲಿ ಕ್ವೆರ್ಸೆಟಿನ್ ಸಣ್ಣ ಗುಳಿಗೆಗಳಾಗಿ ಒಟ್ಟುಗೂಡಿ ಸಿಕ್ಕ ಕಿಣ್ವವನ್ನೆಲ್ಲ ಅಪ್ಪಿಕೊಳ್ಳುತ್ತದೆ. ಕಿಣ್ವದ ಪರೀಕ್ಷೆಗೆ 0.01% ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿದಾಗ ತಡೆ ಮಾಯವಾದರೆ ಅದು ಸುಳ್ಳು ತಡೆ. ಜೀವಂತ ಕೋಶಗಳನ್ನು ಅಳೆಯಲು ಬಳಸುವ ಎಂಟಿಟಿ ಬಣ್ಣವನ್ನು ಫ್ಲೇವನಾಯ್ಡ್‌ಗಳು ಕೋಶವಿಲ್ಲದೆಯೂ ನೇರಳೆ ಮಾಡುತ್ತವೆ. ಮಾಧ್ಯಮ ತೆಗೆದು ತೊಳೆದು ನಂತರ ಎಂಟಿಟಿ ಹಾಕಿ, ಕೋಶವಿಲ್ಲದ ಬಾವಿಯನ್ನೂ ಇಡಿ. ಸಸ್ಯದ ಸಾರದಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇದ್ದರೆ ಮ್ಯಾಕ್ರೊಫೇಜ್ ಮೊದಲೇ ಕೆರಳಿರುತ್ತದೆ, ಆ ವಿಷವನ್ನು ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆ ಮಾಡಿಸದೆ ಆರ್‌ಎಡಬ್ಲ್ಯೂ 264.7 ಎಂಬ ಸುಂಡಿಲಿಯ ಮ್ಯಾಕ್ರೊಫೇಜ್ ಕೋಶಗಳಿಗೆ ಹಾಕಬೇಡಿ. ಡಿಎಂಎಸ್‌ಒ ಎಂಬ ದ್ರಾವಕ ಕೊನೆಗೆ 0.1% ಮೀರದಿರಲಿ.

ನುಗ್ಗೆಸೊಪ್ಪು_ಪ್ರಬಂಧ

ಕೋಶದಲ್ಲಿ 50 ಮೈಕ್ರೊಮೋಲಾರ್ ಕ್ವೆರ್ಸೆಟಿನ್ ಚೆನ್ನಾಗಿ ಕೆಲಸ ಮಾಡಿದೆ ಎನ್ನುವ ಲೇಖನಗಳು ಬಹಳ ಇವೆ. ಅದನ್ನು ಚರ್ಚೆಯ ಭಾಗದಲ್ಲಿ ಉಲ್ಲೇಖಿಸಬಹುದಲ್ಲವೇ?

ಕೋಶ_ಕಲ್ಚರ್

ಉಲ್ಲೇಖಿಸಿ, ಆದರೆ ಪಕ್ಕದಲ್ಲೇ ಲೆಕ್ಕವನ್ನೂ ಬರೆಯಿರಿ. ಕ್ವೆರ್ಸೆಟಿನ್ ಅಣುತೂಕ 302, ಹಾಗಾಗಿ 50 ಮೈಕ್ರೊಮೋಲಾರ್ ಅಂದರೆ ಮಿ.ಲೀ.ಗೆ ಸುಮಾರು 15 ಮೈಕ್ರೊಗ್ರಾಂ. ಊಟದಿಂದ ರಕ್ತಕ್ಕೆ ಬರುವುದು ಸಾಮಾನ್ಯವಾಗಿ 1 ಮೈಕ್ರೊಮೋಲಾರ್‌ಗಿಂತ ಕಡಿಮೆ. ಅದೂ ಕ್ವೆರ್ಸೆಟಿನ್ ರೂಪದಲ್ಲಿ ಇರುವುದಿಲ್ಲ. ಕರುಳಿನ ಗೋಡೆ ಮತ್ತು ಯಕೃತ್ತು ಅದಕ್ಕೆ ಗ್ಲುಕುರೊನೈಡ್, ಸಲ್ಫೇಟ್, ಮೀಥೈಲ್ ಗುಂಪುಗಳನ್ನು ಅಂಟಿಸಿಯೇ ಹೊರಗೆ ಬಿಡುತ್ತವೆ. ಉರಿಯೂತ ಇರುವಲ್ಲಿ ಮ್ಯಾಕ್ರೊಫೇಜ್‌ಗಳ ಬೀಟಾ-ಗ್ಲುಕುರೊನಿಡೇಸ್ ಕಿಣ್ವ ಆ ಗ್ಲುಕುರೊನೈಡ್ ಕಳಚಿ ಮೂಲ ಅಣುವನ್ನು ಬಿಡಿಸಿಕೊಳ್ಳುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಆದ್ದರಿಂದ ತಟ್ಟೆಯಲ್ಲಿ ಕ್ವೆರ್ಸೆಟಿನ್-3-ಗ್ಲುಕುರೊನೈಡ್ ಅನ್ನು 1ರಿಂದ 5 ಮೈಕ್ರೊಮೋಲಾರ್‌ನಲ್ಲಿ ಪರೀಕ್ಷಿಸಿದರೆ ಅದು ದೇಹಕ್ಕೆ ಹತ್ತಿರದ ಪ್ರಯೋಗ.

ಇಲಿಮನೆ_ಫಾರ್ಮಕಾಲಜಿ

ಇದಕ್ಕೆ ಸೇರಿಸಬೇಕಾದ ಒಂದು ಮಾತನ್ನು ಯಾರೂ ಹೇಳುವುದಿಲ್ಲ: ಸಮಯ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಗ್ಲೂಕೊಸೈಡ್ ಸಣ್ಣಕರುಳಿನಲ್ಲೇ ಒಡೆದು ಒಂದು ಗಂಟೆಯೊಳಗೆ ರಕ್ತದಲ್ಲಿ ಶಿಖರ ಮುಟ್ಟುತ್ತದೆ. ಕ್ವೆರ್ಸೆಟಿನ್‌ನ ಇನ್ನೊಂದು ರೂಪವಾದ ರುಟಿನ್‌ನಲ್ಲಿ ಗ್ಲೂಕೋಸ್ ಜೊತೆ ರ್‍ಯಾಮ್ನೋಸ್ ಎಂಬ ಸಕ್ಕರೆಯೂ ಇರುವುದರಿಂದ ಅದು ದೊಡ್ಡಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳು ಕಳಚುವವರೆಗೆ ಕಾಯಬೇಕು, ಶಿಖರ ಬರಲು ಆರು ಗಂಟೆಯ ಮೇಲಾಗುತ್ತದೆ. 1995ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ದೊಡ್ಡಕರುಳು ತೆಗೆಸಿಕೊಂಡವರಲ್ಲಿ ಅಳೆದಾಗ ಈರುಳ್ಳಿಯದ್ದು 52%, ರುಟಿನ್ 17%, ಸಕ್ಕರೆಯಿಲ್ಲದ ಶುದ್ಧ ಕ್ವೆರ್ಸೆಟಿನ್ 24% ಹೀರಿಕೆಯಾಗಿತ್ತು. ಹೀಗಿದ್ದೂ ರುಟಿನ್ ಕುಡಿಸಿ ಒಂದೇ ಗಂಟೆಗೆ ಕ್ಯಾರಗೀನನ್ ಚುಚ್ಚಿ "ರುಟಿನ್ ನಿಷ್ಪ್ರಯೋಜಕ" ಎಂದು ಬರೆಯುತ್ತಾರೆ. ಹೆಸ್ಪೆರಿಡಿನ್, ನರಿಂಜಿನ್‌ಗೂ ಇದೇ ಕಥೆ, ಎರಡರಲ್ಲೂ ರ್‍ಯಾಮ್ನೋಸ್ ಇದೆ. ಇವನ್ನು ಹಿಂದಿನ ಸಂಜೆಯಿಂದ ಕೊಡಬೇಕು, ಇಲ್ಲವೇ ಐದರಿಂದ ಏಳು ದಿನ ದಿನಕ್ಕೊಮ್ಮೆ ಕೊಟ್ಟು ನಂತರ ಪರೀಕ್ಷಿಸಬೇಕು. ನುಗ್ಗೆಯಲ್ಲಿ ಮುಖ್ಯವಾದದ್ದು ಗ್ಲೂಕೊಸೈಡ್ ಆಗಿರುವುದರಿಂದ ನಿಮ್ಮ ಒಂದು ಗಂಟೆ ನಡೆಯುತ್ತದೆ.

ಹೊಟ್ಟೆಯೊಳಗೆ ಚುಚ್ಚಿದ ಡೋಸನ್ನು ಬಾಯಿಯ ಡೋಸಿಗೆ ಹೋಲಿಸುವುದೂ ದೊಡ್ಡ ತಪ್ಪು, ಚುಚ್ಚುಮದ್ದು ಕರುಳಿನ ಗೋಡೆಯ ಸುಂಕವನ್ನೇ ತಪ್ಪಿಸಿಬಿಡುತ್ತದೆ. 0.5% ಸಿಎಂಸಿ ಎಂಬ ಅಂಟು ದ್ರಾವಣದಲ್ಲಿ ತೇಲಿಸಿದ ಕ್ವೆರ್ಸೆಟಿನ್ ನಿಮಿಷಗಳಲ್ಲಿ ತಳಕ್ಕಿಳಿಯುತ್ತದೆ. ಪ್ರತಿ ಇಲಿಗೂ ಮೊದಲು ಅಲುಗಿಸದಿದ್ದರೆ ಮೊದಲ ಇಲಿಗೆ ತಿಳಿನೀರು, ಆರನೆಯದಕ್ಕೆ ಎರಡು ಡೋಸ್. ಕರಗಿಸಲೆಂದು ಕ್ಷಾರ ಹಾಕಿದರೆ ದ್ರಾವಣ ಕಂದುಬಣ್ಣಕ್ಕೆ ತಿರುಗುತ್ತದೆ. ಅದು ಕರಗಿದ ಕ್ವೆರ್ಸೆಟಿನ್ ಅಲ್ಲ, ಕೆಟ್ಟುಹೋದದ್ದು.

ಲಕ್ಕಿಸೊಪ್ಪು_ಬಿಎಎಂಎಸ್

ಬಾಯಿಯ ದಾರಿ ಇಷ್ಟು ಕಷ್ಟವಾದರೆ ಚರ್ಮದ ದಾರಿ ಏಕಾಗಬಾರದು? ಲಕ್ಕಿ (ನಿರ್ಗುಂಡಿ) ಸೊಪ್ಪಿನ ಶಾಖ, ನಿರ್ಗುಂಡಿ ತೈಲ ಕೀಲುನೋವಿಗೆ ನಮ್ಮಲ್ಲಿ ಮನೆಮನೆಯ ಬಳಕೆ. ಲಕ್ಕಿಯಲ್ಲಿ ಕ್ಯಾಸ್ಟಿಸಿನ್ ಎಂಬ ಫ್ಲೇವೊನಾಲ್ ಇದೆ.

ಸಾರ_ಸೋಸು

ಮೇಡಂ, ಈ ಪ್ರಶ್ನೆಗೆ ಬೆಲೆ ಇದೆ. ಕ್ಯಾಸ್ಟಿಸಿನ್‌ಗೆ ನಾಲ್ಕು ಮೀಥಾಕ್ಸಿ ಗುಂಪುಗಳಿವೆ, ನೀರಿಗೆ ಒಗ್ಗುವುದಿಲ್ಲ, ಎಣ್ಣೆಗೆ ಒಗ್ಗುತ್ತದೆ. ಅದೇ ಎಲೆಯ ಸಕ್ಕರೆ ಅಂಟಿದ ಗ್ಲೈಕೊಸೈಡ್‌ಗಳು ಇದಕ್ಕೆ ತದ್ವಿರುದ್ಧ. ತೈಲಪಾಕದ ಅಳತೆ ಕಲ್ಕ (ಅರೆದ ಮುದ್ದೆ) 1, ಎಣ್ಣೆ 4, ದ್ರವ 16. ನೀರೆಲ್ಲ ಆರಿದ ಮೇಲೆ ಗ್ಲೈಕೊಸೈಡ್‌ಗಳ ಬಹುಪಾಲು ಕಲ್ಕದಲ್ಲೇ ಉಳಿದು ಸೋಸುವಾಗ ಹೊರಹೋಗುತ್ತದೆ, ಕ್ಯಾಸ್ಟಿಸಿನ್‌ನಂಥದ್ದು ಎಣ್ಣೆಗೆ ಬರುತ್ತದೆ. ಅಂದರೆ ಲಕ್ಕಿ ಕಷಾಯ ಮತ್ತು ಲಕ್ಕಿ ಎಣ್ಣೆ ರಾಸಾಯನಿಕವಾಗಿ ಎರಡು ಬೇರೆ ಮದ್ದುಗಳು. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಬಾರದು. ಪರೀಕ್ಷೆ ಮಾಡುವುದಾದರೆ ಹೋಲಿಕೆಗೆ ಬರೀ ಎಳ್ಳೆಣ್ಣೆಯನ್ನು ಅಷ್ಟೇ ಹೊತ್ತು ಕಾಯಿಸಿ, ಅಷ್ಟೇ ಬಿಸಿಯಲ್ಲಿ, ಅಷ್ಟೇ ಹೊತ್ತು ಉಜ್ಜಬೇಕು. ಶಾಖಕ್ಕೂ ಉಜ್ಜುವುದಕ್ಕೂ ತಮ್ಮದೇ ಗುಣವಿದೆ.

ನೋವು_ಒಪಿಡಿ

ಮನುಷ್ಯರಲ್ಲಿ ಏನು ಸಿಕ್ಕಿದೆ ಎಂಬುದನ್ನು ಹೇಳುತ್ತೇನೆ. 1999ರಲ್ಲಿ ದೀರ್ಘಕಾಲದ ಪ್ರಾಸ್ಟೇಟ್ ನೋವಿನ 30 ಗಂಡಸರಲ್ಲಿ ಕ್ವೆರ್ಸೆಟಿನ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ, ಒಂದು ತಿಂಗಳು. ಲಕ್ಷಣಗಳ ಅಂಕ 21ರಿಂದ 13.1ಕ್ಕೆ ಇಳಿಯಿತು, ಪ್ಲಸೀಬೊದಲ್ಲಿ 20.2ರಿಂದ 18.8ಕ್ಕೆ. 2017ರಲ್ಲಿ ಇರಾನ್‌ನಲ್ಲಿ ರುಮಟಾಯ್ಡ್ ಸಂಧಿವಾತದ 50 ಹೆಂಗಸರಿಗೆ ದಿನಕ್ಕೆ 500 ಮಿ.ಗ್ರಾಂ, 8 ವಾರ. ಬೆಳಗಿನ ಬಿಗಿತ, ನೋವು, ಟಿಎನ್‌ಎಫ್ ಮೂರೂ ತಗ್ಗಿದವು. ಎರಡೂ ಚಿಕ್ಕ ಅಧ್ಯಯನಗಳು. ಭರವಸೆ ಹುಟ್ಟಿಸುತ್ತವೆ, ಚೀಟಿ ಬರೆಯುವಷ್ಟು ಬಲ ಕೊಡುವುದಿಲ್ಲ.

ಈಗಾಗಲೇ ಚೀಟಿಯಲ್ಲಿ ಇರುವ ಫ್ಲೇವನಾಯ್ಡ್‌ಗಳೂ ಇವೆ. ಡಯಾಸ್ಮಿನ್ 90%, ಹೆಸ್ಪೆರಿಡಿನ್ 10% ಇರುವ ಮಾತ್ರೆ. ತೀವ್ರ ಮೂಲವ್ಯಾಧಿಗೆ ಮೊದಲ 4 ದಿನ ದಿನಕ್ಕೆ 3 ಗ್ರಾಂ, ಮುಂದಿನ 3 ದಿನ 2 ಗ್ರಾಂ. ಕಾಲಿನ ರಕ್ತನಾಳದ ತೊಂದರೆಗೆ ದಿನಕ್ಕೆ 1 ಗ್ರಾಂ. ಹಲ್ಲು ಕಿತ್ತ ಮೇಲೆ, ಆಪರೇಷನ್ ಆದ ಮೇಲೆ ಬರೆಯುವ ಟ್ರಿಪ್ಸಿನ್ 48, ಬ್ರೋಮೆಲೈನ್ 90, ರುಟೊಸೈಡ್ 100 ಮಿ.ಗ್ರಾಂ ಮಾತ್ರೆಯಲ್ಲಿರುವ ರುಟೊಸೈಡ್ ಎಂದರೆ ರುಟಿನ್ನೇ. ಅದರಲ್ಲಿ ಊತ ಇಳಿದರೆ ಕಿಣ್ವದ ಪಾಲೆಷ್ಟು, ಫ್ಲೇವನಾಯ್ಡ್ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ.

ಎಚ್ಚರಿಕೆಯ ಮಾತೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ ಮಂಡಿ ಸವೆತಕ್ಕೆಂದು ಲಿಂಬ್ರೆಲ್ ಎಂಬ ಕ್ಯಾಪ್ಸೂಲ್ ಇತ್ತು. ಬೈಕಲಿನ್ ಮತ್ತು ಕ್ಯಾಟಿಚಿನ್‌ಗಳ ಮಿಶ್ರಣ, ಕ್ಯಾಟಿಚಿನ್ ಬರುತ್ತಿದ್ದದ್ದು ನಮ್ಮ ಕಾಚಿನ ಮರ ಕಗ್ಗಲಿಯಿಂದ. ಯಕೃತ್ತಿನ ಹಾನಿ, ಶ್ವಾಸಕೋಶದ ಅಲರ್ಜಿ ಉರಿಯೂತದ ವರದಿಗಳು ಬಂದು 2017ರ ನವೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು, 2018ರ ಜನವರಿಯಲ್ಲಿ ಮಾರುಕಟ್ಟೆಯಿಂದ ಹಿಂತೆಗೆದರು. ಹಸಿರು ಚಹಾ ಸಾರದ ಇಜಿಸಿಜಿ ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವ ಏರುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಎಲೆಯಾಗಿ ತಿನ್ನುವುದಕ್ಕೂ ಸಾಂದ್ರ ಸಾರವಾಗಿ ನುಂಗುವುದಕ್ಕೂ ಇರುವ ಅಂತರ ಇದು.

ಮಂಡಿನೋವು_ಓದುಗ

ಡಾಕ್ಟ್ರೇ, ಹಾಗಾದರೆ ಈರುಳ್ಳಿ ಜಾಸ್ತಿ ತಿಂದರೆ ಆಗುವುದಿಲ್ಲವೇ? ಡೈಕ್ಲೊಫೆನಾಕ್ ಬಿಡಬಹುದೇ?

ನೋವು_ಒಪಿಡಿ

ಕೆಂಪು ಈರುಳ್ಳಿಯಲ್ಲಿ 100 ಗ್ರಾಂಗೆ ಸುಮಾರು 20ರಿಂದ 40 ಮಿ.ಗ್ರಾಂ ಕ್ವೆರ್ಸೆಟಿನ್, ಬಿಳಿ ಈರುಳ್ಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 500 ಮಿ.ಗ್ರಾಂ ಮುಟ್ಟಲು ದಿನಕ್ಕೆ ಒಂದೂಕಾಲಿನಿಂದ ಎರಡೂವರೆ ಕೆ.ಜಿ. ಬೇಕು. ಊಟದಲ್ಲಿ ಖಂಡಿತ ತಿನ್ನಿ, ಮದ್ದೆಂದು ಲೆಕ್ಕ ಹಿಡಿಯಬೇಡಿ. ಡೈಕ್ಲೊಫೆನಾಕ್ ಆಗಲಿ, ಸಂಧಿವಾತದ ಮೆಥೊಟ್ರೆಕ್ಸೇಟ್ ಆಗಲಿ ನಿಮ್ಮ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮೆಥೊಟ್ರೆಕ್ಸೇಟ್ ನಿಲ್ಲಿಸಿದ ತಿಂಗಳುಗಳಲ್ಲಿ ಕೀಲಿಗೆ ಆದ ಹಾನಿ ಮರಳಿ ಸರಿಯಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಕ್ವೆರ್ಸೆಟಿನ್ ಕ್ಯಾಪ್ಸೂಲ್ ಮುಟ್ಟುವ ಮೊದಲು ವೈದ್ಯರಿಗೆ ತಿಳಿಸಿ. ಚಕ್ಕೋತ ತಿನ್ನುವವರಿಗೂ ಒಂದು ಮಾತು: ಕೆಲವು ಔಷಧಗಳ ಮಟ್ಟವನ್ನು ರಕ್ತದಲ್ಲಿ ಏರಿಸುವುದು ಅದರ ಕಹಿ ನರಿಂಜಿನ್‌ಗಿಂತ ಮುಖ್ಯವಾಗಿ ಫ್ಯುರನೊಕೂಮರಿನ್‌ಗಳು. ಅಂಗಾಂಗ ಕಸಿ ಆಗಿ ಸೈಕ್ಲೊಸ್ಪೊರಿನ್ ತೆಗೆದುಕೊಳ್ಳುವವರು ಚಕ್ಕೋತದಿಂದ ದೂರವಿರಬೇಕು.

ನುಗ್ಗೆಸೊಪ್ಪು_ಪ್ರಬಂಧ

ಎಲ್ಲರಿಗೂ ಧನ್ಯವಾದ. ತಿದ್ದಿದ ಯೋಜನೆ: ಒಂದೇ ಡೋಸ್ 200 ಮಿ.ಗ್ರಾಂ, ಜೊತೆಗೆ ಪಾಲಿಫೀನಾಲ್ ತೆಗೆದ ಸಾರ, ಐಸೊಕ್ವೆರ್ಸಿಟ್ರಿನ್, ಸಿಎಂಸಿ, ಇಂಡೊಮೆಥಾಸಿನ್ ಗುಂಪುಗಳು. ಊತ, ವಾನ್ ಫ್ರೇ, ರೋಟರಾಡ್ ಮೂರೂ. ಎರಡು ಪ್ರಶ್ನೆ ಉಳಿದಿವೆ. 400 ಮಿ.ಗ್ರಾಂ ಬಿಟ್ಟದ್ದು ಸರಿಯೇ? ಪೊಟ್ಯಾಸಿಯಂ ಚಾನಲ್ ಮುಚ್ಚುವ ಮಧುಮೇಹದ ಔಷಧ ಗ್ಲಿಬೆನ್‌ಕ್ಲಮೈಡ್ ಕೊಟ್ಟು ಆ ಚಾನಲ್ ದಾರಿಯನ್ನು ನೋಡಬಹುದೇ?

ಇಲಿಮನೆ_ಫಾರ್ಮಕಾಲಜಿ

400 ಬಿಟ್ಟದ್ದು ಸರಿ. ಇಲಿಯ ಡೋಸನ್ನು ಮನುಷ್ಯರ ಡೋಸಿಗೆ ತರಲು ದೇಹದ ಮೇಲ್ಮೈ ಲೆಕ್ಕದ 6/37ರಿಂದ ಗುಣಿಸಿ: ಕೆ.ಜಿ.ಗೆ 65 ಮಿ.ಗ್ರಾಂ, 60 ಕೆ.ಜಿ. ವ್ಯಕ್ತಿಗೆ 3.9 ಗ್ರಾಂ ಸಾರ. ಸಾರದ ಇಳುವರಿ 15% ಎಂದಿಟ್ಟುಕೊಂಡರೆ ದಿನಕ್ಕೆ 26 ಗ್ರಾಂ ಒಣ ಎಲೆ, ಹಸಿ ಎಲೆಯ ಲೆಕ್ಕದಲ್ಲಿ 100 ಗ್ರಾಂ ಮೀರುತ್ತದೆ. 200 ಅದರ ಅರ್ಧ, ಅದೇ ಮೇಲಿನ ಮಿತಿ ಎನ್ನಬಹುದು. ಆದರೆ ಒಂದೇ ಡೋಸ್ ಇದ್ದರೆ ಡೋಸ್ ಏರಿದಂತೆ ಪರಿಣಾಮ ಏರುತ್ತದೆಯೇ ಎಂದು ತೋರಿಸಲಾಗದು. 50 ಮಿ.ಗ್ರಾಂನ ಒಂದು ಗುಂಪು ಸೇರಿಸಿ.

ಗ್ಲಿಬೆನ್‌ಕ್ಲಮೈಡ್ ಈ ಸಲ ಬೇಡ. ಅದಕ್ಕೆ ಸಾರದೊಂದಿಗೆ ಒಂದು, ಸಾರವಿಲ್ಲದೆ ಒಂದು ಎಂದು ಎರಡು ಗುಂಪು, ಹನ್ನೆರಡು ಇಲಿ ಹೆಚ್ಚಾಗುತ್ತದೆ. ಸಕ್ಕರೆ ಇಳಿದು ಇಲಿ ಮಂಕಾದರೆ ವಾನ್ ಫ್ರೇ ಅಳತೆಯೇ ಕೆಡುವುದರಿಂದ ಗ್ಲೂಕೋಸನ್ನೂ ನೋಡುತ್ತಿರಬೇಕು. ಸಾರ ನೋವನ್ನು ನಿಜಕ್ಕೂ ಇಳಿಸಿತು ಎಂದು ಕಂಡ ಮೇಲೆ ಎರಡನೇ ಅರ್ಜಿ ಹಾಕಿ. ಅಳೆಯುವವರಿಗೆ ಗುಂಪು ತಿಳಿಯದಂತೆ ಪಂಜರಕ್ಕೆ ಬರೀ ಸಂಖ್ಯೆ ಅಂಟಿಸಿ. ಸಾರ ಹಸಿರು, ಸಿಎಂಸಿ ಬಿಳಿ, ಹಾಗಾಗಿ ಕುಡಿಸುವವರೂ ಅಳೆಯುವವರೂ ಒಬ್ಬರೇ ಆಗಬಾರದು. ವಾನ್ ಫ್ರೇ ಜಾಲರಿಯ ಮೇಲೆ ಮೂರು ದಿನ ಮೊದಲಿನಿಂದಲೇ ದಿನಕ್ಕೆ ಅರ್ಧ ಗಂಟೆಯಾದರೂ ಇಲಿಗಳನ್ನು ಬಿಟ್ಟು ರೂಢಿ ಮಾಡಿಸಿ. ಇದನ್ನು ಅರ್ಜಿಯ ಕಾರ್ಯವಿಧಾನದ ಭಾಗದಲ್ಲೇ ಬರೆದುಬಿಡಿ, ಸಮಿತಿ ಕೇಳಿಯೇ ಕೇಳುತ್ತದೆ.